ಮೊಗ್ಗಿನ ಜಡೆ ಮನೆಯಲ್ಲೇ ಮಾಡುವುದು ಹೇಗೆ: ಅಳತೆಯಿಂದ ಕಟ್ಟುವವರೆಗೆ

ಬೇಸಿಗೆ ರಜೆ ಬಂತು ಅಂದರೆ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. "ಜಡೆ ಕಟ್ಟಿ ಅರ್ಧ ಗಂಟೆ ಆಗಿರಲಿಲ್ಲ, ಜಾರಿ ಕೆಳಗೆ ಬಂತು." "ಫೋಟೋ ಹೊತ್ತಿಗೆ ಮೊಗ್ಗೆಲ್ಲ ಅರಳಿಬಿಟ್ಟವು." "ತಲೆ ಎಳೆಯುತ್ತೆ ಅಂತ ಮಗು ಅಳೋಕೆ ಶುರು ಮಾಡಿದಳು." "ಕೂತಾಗ ಜಡೆ ಮಡಚಿಕೊಂಡು ತುದಿಯ ಮೊಗ್ಗೆಲ್ಲ ಉದುರಿದವು."

ಇವು ನಾಲ್ಕು ಬೇರೆ ಬೇರೆ ತೊಂದರೆ ಅನ್ನಿಸುತ್ತದೆ, ಅಲ್ವಾ? ಕೂತು ವಿಚಾರಿಸಿದರೆ ಎಲ್ಲರೂ ಮಾಡಿರುವ ತಪ್ಪು ಒಂದೇ. ಬೆಳಿಗ್ಗೆ ಎದ್ದು ಮೊದಲು ಮೊಗ್ಗು ತಂದಿದ್ದಾರೆ. ಆಮೇಲೆ ರಟ್ಟು ಹುಡುಕಿದ್ದಾರೆ. ಬಿಲ್ಲೆ ಎಲ್ಲಿಡಬೇಕು ಅಂತ ಆಗ ಯೋಚಿಸಿದ್ದಾರೆ. ಅಷ್ಟರಲ್ಲಿ ಮಧ್ಯಾಹ್ನ. ಹೊಲಿದದ್ದು ಅವಸರದಲ್ಲಿ, ತಲೆಗೆ ಕಟ್ಟಿದ್ದು ಇನ್ನೂ ಅವಸರದಲ್ಲಿ.

ಮೊಗ್ಗಿನ ಜಡೆಯಲ್ಲಿ ಮೊಗ್ಗು ಕೊನೆಗೆ ಬರಬೇಕು. ಬಾಡದೇ ಇರುವ ಸಾಮಾನಿನ ಕೆಲಸವೆಲ್ಲ ಹಿಂದಿನ ದಿನವೇ ಮುಗಿದಿರಬೇಕು. ಅಳತೆ, ಮೊಗ್ಗು ಹೊಲಿಯುವ ರಟ್ಟು-ಬಟ್ಟೆಯ ಪಟ್ಟಿ, ಲಾಡಿ, ಬಿಲ್ಲೆ, ಕುಚ್ಚು ಎಲ್ಲವೂ. ಬೆಳಿಗ್ಗೆ ಮೊಗ್ಗು ಮನೆಗೆ ಬಂದಾಗ ನಿಮಗೆ ಹೊಲಿಯುವ ಕೆಲಸ ಒಂದೇ ಉಳಿದಿರಬೇಕು. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ದಯವಿಟ್ಟು ಹಿಂದೆ ಮುಂದೆ ಮಾಡಬೇಡಿ.

ಇಲ್ಲಿ ಹೇಳುತ್ತಿರುವುದು ಪಟ್ಟಿಯ ಮೇಲೆ ಹೊಲಿದು ಆಮೇಲೆ ತಲೆಗೆ ಕಟ್ಟುವ ಜಡೆ. ಹುಡುಗಿಯನ್ನು ಕೂರಿಸಿಕೊಂಡು ನೇರವಾಗಿ ಹೆರಳಿನ ಮೇಲೇ ಹೊಲಿಯುವ ಪದ್ಧತಿಯೂ ಇದೆ. ಅದಕ್ಕೆ ಪಳಗಿದ ಕೈ ಬೇಕು, ಮೂರು ನಾಲ್ಕು ಗಂಟೆ ಅಲುಗಾಡದೆ ಕೂರುವ ಹುಡುಗಿಯೂ ಬೇಕು. ಮೊದಲ ಸಲಕ್ಕೆ ಅದು ಬೇಡ.

ಬೇಕಾಗುವ ಸಾಮಾನು

ಅಳತೆ ಟೇಪು, ಕತ್ತರಿ, ಹಳೆಯ ದಿನಪತ್ರಿಕೆ, ಪೆನ್ಸಿಲ್. ದಪ್ಪ ರಟ್ಟು (ಹಳೆಯ ಲಗ್ನಪತ್ರಿಕೆಯ ಗಟ್ಟಿ ಹಾಳೆ ಚೆನ್ನಾಗಿ ಆಗುತ್ತದೆ). ಬಿಳಿ ಹತ್ತಿ ಬಟ್ಟೆ ಒಂದು ತುಂಡು, ಕಪ್ಪು ಬಟ್ಟೆ ಒಂದು ತುಂಡು. ರಟ್ಟಿಗೆ ಸುತ್ತಲು ಅಗಲವಾದ ಪ್ಲಾಸ್ಟಿಕ್ ಟೇಪು. ಕಟ್ಟಲು ಕಪ್ಪು ಲಾಡಿ ನಾಲ್ಕು ಮೀಟರ್.

ಸೂಜಿ ಎರಡು ಥರ ಇರಲಿ. ಮೊಗ್ಗು ಪೋಣಿಸಲು ಉದ್ದನೆಯ, ತೆಳ್ಳಗಿನ ಸೂಜಿ. ಬಟ್ಟೆಗೆ ಹೊಲಿಯಲು ಮಾಮೂಲಿ ಸೂಜಿ. ದಪ್ಪ ಸೂಜಿಯಿಂದ ಮೊಗ್ಗು ಪೋಣಿಸಿದರೆ ತೊಟ್ಟು ಸೀಳುತ್ತದೆ. ದಾರ ಬಿಳಿ ಹತ್ತಿಯದ್ದೇ ಆಗಬೇಕು. ನೈಲಾನ್ ದಾರ ತೊಟ್ಟನ್ನು ಕೊಯ್ದುಬಿಡುತ್ತದೆ, ಗಂಟೂ ನಿಲ್ಲುವುದಿಲ್ಲ.

ಅಲಂಕಾರಕ್ಕೆ ಜಡೆ ಬಿಲ್ಲೆ, ಜರಿ, ಮುತ್ತಿನ ಸರ, ಕುಚ್ಚು. ತಲೆಗೆ ಚೌರಿ (ಹೆಣೆಯುವಾಗ ಸೇರಿಸುವ ಹೊರಗಿನ ಕೂದಲು), ಗಟ್ಟಿ ರಬ್ಬರ್ ಬ್ಯಾಂಡ್, ಯು ಪಿನ್ನು ಹತ್ತು, ಕಪ್ಪು ಕ್ಲಿಪ್ಪು.

ಅಂಟು ಬೇಡ. ಬೇಗ ಆಗುತ್ತದೆ ಅಂತ ಬಿಸಿ ಗಮ್ ಗನ್ ತಂದು ಮೊಗ್ಗು ಅಂಟಿಸಿದವರನ್ನು ನೋಡಿದ್ದೇನೆ. ಬಿಸಿ ತಾಗಿದ ಕಡೆ ಮೊಗ್ಗು ಕಂದುತ್ತದೆ. ತೇವ ಇರುವ ತೊಟ್ಟಿಗೆ ಅಂಟು ಹಿಡಿಯುವುದೂ ಇಲ್ಲ.

ಹಂತ 1: ಅಳತೆ ತೆಗೆಯುವುದು

ಜಡೆ ಯಾರಿಗೋ ಅವರ ಕೂದಲು ಬಾಚಿ, ಚೌರಿ ಸೇರಿಸಿ, ಅವತ್ತು ಹೇಗೆ ಹೆಣೆಯುತ್ತೀರೋ ಹಾಗೇ ಹೆಣೆಯಿರಿ. ಬರೀ ಕೂದಲಿನ ಅಳತೆ ಸಾಲದು. ಚೌರಿ ಸೇರಿದಾಗ ಜಡೆಯ ದಪ್ಪ ಬೇರೆಯೇ ಆಗುತ್ತದೆ.

ಈಗ ಅವರನ್ನು ಕೂರಿಸಿ. ನಿಲ್ಲಿಸಿ ಅಳೆಯಬೇಡಿ. ಇದನ್ನು ನಾನು ಕಲಿತದ್ದು ಅಕ್ಕನ ಮಗಳ ಸೀಮಂತದಲ್ಲಿ. ನಿಲ್ಲಿಸಿ ಅಳೆದು ಸೊಂಟದ ಕೆಳಗಿನವರೆಗೆ ಉದ್ದನೆಯ ಜಡೆ ಮಾಡಿದ್ದೆ. ನಿಂತಾಗ ಕಣ್ಣು ತುಂಬುವ ಹಾಗಿತ್ತು. ಕುರ್ಚಿಯಲ್ಲಿ ಕೂತ ತಕ್ಷಣ ತುದಿ ಕುರ್ಚಿಗೆ ಒತ್ತಿ ಮಡಚಿಕೊಂಡಿತು. ಆರತಿ ಮುಗಿಯುವಷ್ಟರಲ್ಲಿ ಕೆಳಗಿನ ಐದು ಸಾಲು ಜಜ್ಜಿಹೋಗಿದ್ದವು.

ಹಿಂದಲೆಯಲ್ಲಿ ಜಡೆ ಶುರುವಾಗುವ ಜಾಗದಿಂದ ಕೂತ ಮಣೆ ಅಥವಾ ಕುರ್ಚಿಗಿಂತ ನಾಲ್ಕು ಬೆರಳು ಮೇಲಿನವರೆಗೆ ಅಳೆಯಿರಿ. ಪಟ್ಟಿಯ ಉದ್ದ ಅಷ್ಟೇ. ಕುಚ್ಚು ಅದಕ್ಕಿಂತ ಕೆಳಗೆ ಬಂದರೆ ಪರವಾಗಿಲ್ಲ, ಅದು ಮೆತ್ತಗಿರುತ್ತದೆ.

ಇನ್ನೊಂದು ಅಳತೆಯನ್ನು ಸುಮಾರು ಜನ ಮರೆಯುತ್ತಾರೆ. ಜಡೆ ಶುರುವಾಗುವ ಜಾಗದಿಂದ ಹೆಕ್ಕತ್ತಿನವರೆಗೆ ಎಷ್ಟು? ಅದನ್ನು ಬೇರೆಯಾಗಿ ಬರೆದುಕೊಳ್ಳಿ. ಪಟ್ಟಿ ಬಾಗಬೇಕಾದ್ದು ಅಲ್ಲಿ.

ಹಂತ 2: ಕಾಗದದ ಮೇಲೆ ನಕ್ಷೆ, ಮೊಗ್ಗಿನ ಲೆಕ್ಕ

ದಿನಪತ್ರಿಕೆಯಲ್ಲಿ ಜಡೆಯ ಆಕಾರ ಕತ್ತರಿಸಿ. ದೊಡ್ಡವರಿಗೆ ಮೇಲ್ಗಡೆ 7 ಸೆಂ.ಮೀ., ತುದಿಯಲ್ಲಿ 5 ಸೆಂ.ಮೀ. ಸಾಕು. ಎಂಟು ಹತ್ತು ವರ್ಷದ ಮಕ್ಕಳಿಗೆ ಇನ್ನೂ ಒಂದೊಂದು ಸೆಂ.ಮೀ. ಕಡಿಮೆ ಮಾಡಿ. ಅಗಲ ಜಾಸ್ತಿಯಾದರೆ ಬೆನ್ನಿಗೆ ಹಲಗೆ ಕಟ್ಟಿದ ಹಾಗೆ ಕಾಣುತ್ತದೆ.

ಕಾಗದದ ಮೇಲೆ ಬಿಲ್ಲೆಗಳನ್ನು ಇಟ್ಟು ನೋಡಿ. ದೊಡ್ಡದು ಮೇಲೆ, ಚಿಕ್ಕದು ಕೆಳಗೆ. ಎರಡು ಬಿಲ್ಲೆಗಳ ನಡುವೆ ಕನಿಷ್ಠ ನಾಲ್ಕು ಸಾಲು ಮೊಗ್ಗು ಹಿಡಿಯುವಷ್ಟು ಜಾಗ ಬಿಡಿ. ಇದ್ದ ಬಿಲ್ಲೆಯನ್ನೆಲ್ಲ ಹಾಕಲೇಬೇಕು ಅನ್ನುವ ಆಸೆ ಬೇಡ. ಬಿಳಿ ಮೊಗ್ಗು ಕಾಣಬೇಕಾದರೆ ಅದಕ್ಕೆ ಜಾಗ ಬೇಕು.

ಬಣ್ಣ ಮೂರು ಸಾಕು ಅನ್ನುವುದು ನನ್ನ ಅಭಿಪ್ರಾಯ. ಮೊಗ್ಗಿನ ಬಿಳಿ, ಬಿಲ್ಲೆ ಮತ್ತು ಜರಿಯ ಹೊನ್ನು, ಇನ್ನೊಂದು ನಿಮ್ಮಿಷ್ಟದ್ದು. ಕನಕಾಂಬರದ ಕೇಸರಿಯಾಗಲಿ, ಮರುಗದ ಹಸಿರಾಗಲಿ. ರವಿಕೆ ಬಿಳಿ ಅಥವಾ ಕೆನೆ ಬಣ್ಣದ್ದಾದರೆ ಎರಡೂ ಅಂಚಿಗೆ ಈ ಮೂರನೇ ಬಣ್ಣದ ಗೆರೆ ಬೇಕೇ ಬೇಕು. ಇಲ್ಲದಿದ್ದರೆ ಫೋಟೋದಲ್ಲಿ ಜಡೆ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ.

ಈಗ ಲೆಕ್ಕ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ಸುಮಾರು 1 ಸೆಂ.ಮೀ. ದೂರ ಇರುತ್ತದೆ. ದುಂಡು ಮಲ್ಲಿಗೆಯ ಮೊಗ್ಗು ಸುಮಾರು 6 ಮಿ.ಮೀ. ದಪ್ಪ ಅಂತ ಇಟ್ಟುಕೊಳ್ಳಿ. ಪಟ್ಟಿ 50 ಸೆಂ.ಮೀ. ಉದ್ದ, ಸರಾಸರಿ 6 ಸೆಂ.ಮೀ. ಅಗಲ ಇದ್ದರೆ 50 ಸಾಲು, ಸಾಲಿಗೆ 10 ಮೊಗ್ಗು, ಒಟ್ಟು 500. ಒಡೆದದ್ದು, ಅರಳಿದ್ದು, ಕಂದಿದ್ದು ಅಂತ ಇನ್ನೂ 100 ಸೇರಿಸಿ 600 ಇಟ್ಟುಕೊಳ್ಳಿ.

ಅಂಗಡಿಯಲ್ಲಿ ಬಿಡಿ ಮೊಗ್ಗನ್ನು ಎಣಿಸಿ ಕೊಡುವುದಿಲ್ಲ, ತೂಕದಲ್ಲೋ ಅಳತೆಯಲ್ಲೋ ಕೊಡುತ್ತಾರೆ. ಹಾಗಾಗಿ ಎರಡು ದಿನ ಮೊದಲು 50 ಗ್ರಾಂ ತಂದು ಎಣಿಸಿ ನೋಡಿ. ಅದೇ ಮೊಗ್ಗಿನಲ್ಲಿ ಐದು ಸಾಲು ಹೊಲಿದು ಅಭ್ಯಾಸವನ್ನೂ ಮಾಡಿ. ನಿಮ್ಮ ಕೈಗೆ ಸಾಲಿಗೆ ಎಷ್ಟು ನಿಮಿಷ ಹಿಡಿಯುತ್ತದೆ ಅಂತ ಆಗಲೇ ಗೊತ್ತಾಗುತ್ತದೆ. ನನಗೆ ಪೋಣಿಸಿ ಹೊಲಿಯಲು ಸಾಲಿಗೆ ಐದು ನಿಮಿಷ. ಅಂದರೆ 50 ಸಾಲಿಗೆ ನಾಲ್ಕು ಗಂಟೆ ದಾಟುತ್ತದೆ. ಇಬ್ಬರಿದ್ದರೆ ಒಬ್ಬರು ಪೋಣಿಸಿ ಇನ್ನೊಬ್ಬರು ಹೊಲಿದರೆ ಎರಡೂವರೆ ಗಂಟೆ.

ಉಡುಪಿ ಕಡೆಯವರಿಗೆ ಒಂದು ಮಾತು. ಶಂಕರಪುರ ಮಲ್ಲಿಗೆ ಅಟ್ಟೆ, ಚೆಂಡಿನ ಲೆಕ್ಕದಲ್ಲಿ ಬರುತ್ತದೆ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅದರಲ್ಲಿ ಹೂವನ್ನು ಆಗಲೇ ಬಾಳೆ ನಾರಿನಲ್ಲಿ ಕಟ್ಟಿರುತ್ತಾರೆ. ಕಟ್ಟಿದ್ದನ್ನು ಬಿಚ್ಚಿ ಹೊಲಿಯಲು ಹೋಗಬೇಡಿ, ತೊಟ್ಟು ನಜ್ಜಾಗಿರುತ್ತದೆ. ಮೊದಲೇ ಹೇಳಿ ಬಿಡಿ ಮೊಗ್ಗು ತರಿಸಿ.

ಹಂತ 3: ಪಟ್ಟಿ ಮಾಡುವುದು

ಇಡೀ ಕೆಲಸದಲ್ಲಿ ಜಾಸ್ತಿ ಗಮನ ಕೊಡಬೇಕಾದ ಹಂತ ಇದು. ಪಟ್ಟಿ ಸರಿ ಇದ್ದರೆ ಮೊಗ್ಗು ಸ್ವಲ್ಪ ಓರೆಯಾದರೂ ಜಡೆ ಚೆನ್ನಾಗಿ ಕಾಣುತ್ತದೆ. ಪಟ್ಟಿ ಕೆಟ್ಟರೆ ಎಷ್ಟು ಒಳ್ಳೆಯ ಮೊಗ್ಗು ತಂದರೂ ಪ್ರಯೋಜನವಿಲ್ಲ.

ಸುಮಾರು ಜನ 50 ಸೆಂ.ಮೀ. ಉದ್ದದ ಒಂದೇ ರಟ್ಟು ಕತ್ತರಿಸಿ ಅದರ ಮೇಲೆ ಹೊಲಿಯುತ್ತಾರೆ. ಇದರಿಂದ ಎರಡು ತೊಂದರೆ. ರಟ್ಟಿಗೆ ಪ್ರತಿ ಸಲ ಸೂಜಿ ಚುಚ್ಚಿ ಬೆರಳು ನೋಯುತ್ತದೆ. ಇನ್ನೊಂದು, ಒಂದೇ ಉದ್ದನೆಯ ರಟ್ಟು ಬಾಗುವುದಿಲ್ಲ. ಹುಡುಗಿ ತಲೆ ಬಗ್ಗಿಸಿದರೆ ರಟ್ಟಿನ ತುದಿ ಬೆನ್ನಿನಿಂದ ಮೇಲೆದ್ದು ಹಿಂದಲೆಯ ಕೂದಲನ್ನು ಎಳೆಯುತ್ತದೆ. "ತಲೆ ಎಳೆಯುತ್ತೆ" ಅಂತ ಮಗು ಅಳುವುದು ಸಾಮಾನ್ಯವಾಗಿ ಭಾರಕ್ಕಲ್ಲ, ಈ ಬಾಗದ ರಟ್ಟಿಗೆ.

ಹಾಗಾಗಿ ರಟ್ಟನ್ನು ತುಂಡು ಮಾಡಿ. ಕಾಗದದ ನಕ್ಷೆಯನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು, 6 ಸೆಂ.ಮೀ. ಉದ್ದದ ತುಂಡುಗಳಾಗಿ ಅಡ್ಡಕ್ಕೆ ಕತ್ತರಿಸಿ. ಹಂತ 1ರಲ್ಲಿ ಬರೆದುಕೊಂಡ ಹೆಕ್ಕತ್ತಿನ ಜಾಗದಲ್ಲಿ ಒಂದು ಸಂದು ಬರಲೇಬೇಕು. ಅದಕ್ಕೆ ತಕ್ಕ ಹಾಗೆ ಮೇಲಿನ ತುಂಡಿನ ಉದ್ದ ಹೊಂದಿಸಿ. ಪ್ರತಿ ತುಂಡಿಗೂ ಪ್ಲಾಸ್ಟಿಕ್ ಟೇಪು ಸುತ್ತಿ. ಮೊಗ್ಗಿನ ತೇವ ಕುಡಿದರೆ ರಟ್ಟು ಮೆತ್ತಗಾಗಿ ಸುರುಳಿಕೊಳ್ಳುತ್ತದೆ.

ಈಗ ಬಿಳಿ ಬಟ್ಟೆ ಮೇಲೆ, ಕಪ್ಪು ಬಟ್ಟೆ ಕೆಳಗೆ. ಎರಡನ್ನೂ ನಕ್ಷೆಗಿಂತ ಸುತ್ತಲೂ ಒಂದು ಸೆಂ.ಮೀ. ದೊಡ್ಡದಾಗಿ ಕತ್ತರಿಸಿ, ಎರಡು ಉದ್ದನೆ ಅಂಚನ್ನೂ ಒಳಗೆ ಮಡಚಿ ಹೊಲಿಯಿರಿ. ಚೀಲದ ಹಾಗೆ ಆಗುತ್ತದೆ. ತುದಿ ಸಪೂರ ಇರುವುದರಿಂದ ಅಲ್ಲಿ ಮೊದಲು ಹೊಲಿದು ಮುಚ್ಚಿ. ಕೆಳಗಿನ ರಟ್ಟು ತುಂಡನ್ನು ಒಳಗೆ ತಳ್ಳಿ, ಅದರ ಮೇಲೆ ಅಡ್ಡಕ್ಕೆ ಒಂದು ಹೊಲಿಗೆ. ಆಮೇಲೆ ಮುಂದಿನ ತುಂಡು, ಮತ್ತೆ ಅಡ್ಡ ಹೊಲಿಗೆ. ಎರಡು ತುಂಡಿನ ನಡುವೆ 3–4 ಮಿ.ಮೀ. ಸಂದು ಉಳಿಯಬೇಕು. ಮುಗಿದಾಗ ಪಟ್ಟಿ ಬಿದಿರಿನ ಚಿಕ್ ಪರದೆಯ ಹಾಗೆ ಬಾಗಬೇಕು, ಆದರೆ ಅಡ್ಡಕ್ಕೆ ಮಡಚಿಕೊಳ್ಳಬಾರದು.

ಮೇಲಿನ ಬಟ್ಟೆ ಬಿಳಿ ಯಾಕೆ ಅಂದರೆ, ಎಲ್ಲಾದರೂ ಮೊಗ್ಗಿನ ನಡುವೆ ಸಂದು ಬಿದ್ದರೂ ಕಣ್ಣಿಗೆ ಹೊಡೆಯುವುದಿಲ್ಲ. ಕೆಳಗಿನದು ಕಪ್ಪು ಯಾಕೆ ಅಂದರೆ, ಪಕ್ಕದಿಂದ ನೋಡಿದರೆ ಕೂದಲಲ್ಲಿ ಕಲೆತುಹೋಗುತ್ತದೆ. ಕೆಲವರು ಬಾಳೆ ಪಟ್ಟೆ ಬಳಸುತ್ತಾರೆ. ಅದು ತಂಪು, ಹಗುರ. ಆದರೆ ಒಣಗುತ್ತಾ ಮುದುರುತ್ತದೆ, ಅವತ್ತೇ ಮಾಡಬೇಕು. ಹೊಸಬರಿಗೆ ಬಟ್ಟೆಯೇ ಸಲೀಸು.

ಲಾಡಿ ಹೊಲಿಯುವುದು. ಕಪ್ಪು ಬದಿಯಲ್ಲಿ ಪ್ರತಿ 8 ಸೆಂ.ಮೀ.ಗೆ ಒಂದು ಜೊತೆ ಲಾಡಿ, ಎಡಕ್ಕೊಂದು ಬಲಕ್ಕೊಂದು. ಒಂದೊಂದೂ ಗೇಣುದ್ದ ಇರಲಿ. ಮೇಲಿನ ತುದಿಯಲ್ಲಿ ಲಾಡಿಯ ಜೊತೆಗೆ ಎರಡು ಗಟ್ಟಿ ಕುಣಿಕೆ ಹೊಲಿಯಿರಿ. ಇಡೀ ಜಡೆಯ ಭಾರ ಹೊರುವುದು ಈ ಎರಡು ಕುಣಿಕೆ. ಒಂದೊಂದಕ್ಕೂ ಆರೇಳು ಸಲ ಸೂಜಿ ಹಾಯಿಸಿ.

ಪರೀಕ್ಷೆ: ಮೊಗ್ಗಿಲ್ಲದ ಖಾಲಿ ಪಟ್ಟಿಯನ್ನು ತಲೆಗೆ ಕಟ್ಟಿ ಹತ್ತು ನಿಮಿಷ ಬಿಡಿ. ಎಡಕ್ಕೆ, ಬಲಕ್ಕೆ ನೋಡಲಿ. ತಲೆ ಬಗ್ಗಿಸಲಿ. ಕೂತು ಏಳಲಿ. ಖಾಲಿ ಪಟ್ಟಿಯೇ ಜಾರಿದರೆ ಮೊಗ್ಗು ಹೊಲಿದ ಮೇಲೆ ಖಂಡಿತ ಜಾರುತ್ತದೆ. ಸರಿ ಮಾಡಲು ಸಮಯ ಇರುವುದು ಈಗಲೇ.

ಹಂತ 4: ಬಿಲ್ಲೆ ಮತ್ತು ಕುಚ್ಚು

ಇದೂ ಹಿಂದಿನ ದಿನದ ಕೆಲಸ. ಬಿಲ್ಲೆಯನ್ನು ನೇರವಾಗಿ ಬಟ್ಟೆಗೆ ಹೊಲಿದರೆ ಸುತ್ತಲೂ ಮೊಗ್ಗು ಬಂದಾಗ ಅದು ಹಳ್ಳಕ್ಕೆ ಬಿದ್ದ ಹಾಗೆ ಕಾಣುತ್ತದೆ. ಅದಕ್ಕೆ ಬಟ್ಟೆಯನ್ನು ಮೂರು ನಾಲ್ಕು ಮಡಿಕೆ ಮಾಡಿ ಒಂದು ಪುಟ್ಟ ದಿಂಬು ಮಾಡಿ. ದಪ್ಪ ಮೊಗ್ಗಿನಷ್ಟೇ ಇರಲಿ, ಅಗಲ ಬಿಲ್ಲೆಗಿಂತ ಕಡಿಮೆ ಇರಲಿ. ಮೊದಲು ದಿಂಬು ಹೊಲಿದು, ಅದರ ಮೇಲೆ ಬಿಲ್ಲೆ ಹೊಲಿಯಿರಿ. ಆಗ ಬಿಲ್ಲೆಯ ಅಂಚಿನ ಕೆಳಗೆ ಮೊಗ್ಗಿನ ತೊಟ್ಟನ್ನು ತೂರಿಸಲು ಜಾಗ ಸಿಗುತ್ತದೆ.

ಬಿಲ್ಲೆಯ ಅಂಚನ್ನು ಬೆರಳಲ್ಲಿ ಸವರಿ ನೋಡಿ. ಚೂಪಾಗಿದ್ದರೆ ದಾರ ಕೊಯ್ಯುತ್ತದೆ, ಮೊಗ್ಗನ್ನೂ ಗೀರುತ್ತದೆ. ಉಗುರಿನ ಅರದಿಂದ ತಿಕ್ಕಿ ನುಣುಪು ಮಾಡಿ.

ಕುಚ್ಚನ್ನು ಪಟ್ಟಿಗೆ ಹೊಲಿಯಬೇಡಿ. ಕುಚ್ಚಿಗೆ ಭಾರ ಇರುತ್ತದೆ, ನಡೆದಾಗ ಓಲಾಡುತ್ತದೆ. ಪ್ರತಿ ಓಲಾಟಕ್ಕೂ ಪಟ್ಟಿ ಒಂದೊಂದು ಎಳೆ ಕೆಳಗೆ ಬರುತ್ತದೆ. ಕುಚ್ಚು ಕಟ್ಟಬೇಕಾದ್ದು ನಿಜವಾದ ಜಡೆಯ ತುದಿಗೆ. ಪಟ್ಟಿಯ ಕೊನೆಯ ಸಾಲು ಆ ಗಂಟನ್ನು ಮುಚ್ಚುತ್ತದೆ.

ಹಂತ 5: ಮೊಗ್ಗು ಕೊಳ್ಳುವುದು, ಕಾಪಾಡುವುದು

ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಾಗಲಿ, ಮೈಸೂರಿನ ದೇವರಾಜ ಮಾರ್ಕೆಟ್ಟಾಗಲಿ, ನಿಮ್ಮೂರಿನ ಹೂವಿನ ಅಂಗಡಿಯಾಗಲಿ, ಬೆಳಿಗ್ಗೆ ಬೇಗ ಹೋಗಿ. ಮಲ್ಲಿಗೆ ಮೊಗ್ಗನ್ನು ನಸುಕಿನಲ್ಲೇ ಕೀಳುತ್ತಾರೆ. ಅದೇ ಸಂಜೆ ಅದು ಅರಳುತ್ತದೆ. ಮಧ್ಯಾಹ್ನ ಕೊಂಡರೆ ಅರ್ಧ ಆಯಸ್ಸು ಅಂಗಡಿಯಲ್ಲೇ ಕಳೆದಿರುತ್ತದೆ.

ಮೊಗ್ಗು ನೋಡುವುದು ಹೇಗೆ? ತುದಿ ಬಿಗಿಯಾಗಿ ಮುಚ್ಚಿರಬೇಕು. ದಳದ ಗೆರೆ ಸಡಿಲವಾಗಿ ಕಂಡರೆ ಅದು ಇನ್ನು ಎರಡು ಮೂರು ಗಂಟೆಯಲ್ಲಿ ಬಿರಿಯುತ್ತದೆ. ತೊಟ್ಟು ಹಸಿರಾಗಿ, ಉದ್ದವಾಗಿ ಇರಬೇಕು. ಹೊಲಿಗೆ ನಿಲ್ಲುವುದು ತೊಟ್ಟಿನ ಮೇಲೆ. ನೀರು ಚಿಮುಕಿಸಿ ಗುಡ್ಡೆ ಹಾಕಿದ ಮೊಗ್ಗು ಬೇಡ. ಒಳಗಿನವು ಕಂದಿರುತ್ತವೆ. ಕೈ ಹಾಕಿ ಗುಡ್ಡೆಯ ಕೆಳಗಿನದನ್ನು ತೆಗೆದು ನೋಡಿ. ಬಿಸಿ ತಾಗಿದರೆ ಆ ಮೊಗ್ಗು ತೆಗೆದುಕೊಳ್ಳಬೇಡಿ.

ಸಂಜೆ ಕಾರ್ಯಕ್ರಮವಾದರೆ ಪೂರ್ತಿ ತುಂಬಿದ ಬಿಳಿ ಮೊಗ್ಗಿಗಿಂತ ತುಸು ಎಳೆಯದು, ಬುಡದಲ್ಲಿ ಇನ್ನೂ ಹಸಿರು ಛಾಯೆ ಇರುವುದು ಒಳ್ಳೆಯದು. ಚಳಿಗಾಲದಲ್ಲಿ ಮಲ್ಲಿಗೆ ಸಿಗುವುದು ಕಡಿಮೆ, ಬೆಲೆಯೂ ಜಾಸ್ತಿ. ಆಗ ಕಾಕಡ ತನ್ನಿ. ಮಲ್ಲಿಗೆಯಷ್ಟು ಘಮ ಇರುವುದಿಲ್ಲ, ಆದರೆ ತಾಳುತ್ತದೆ. ಮೊಗ್ಗು ಸಪೂರ ಇರುವುದರಿಂದ ಸಾಲಿಗೆ ಎರಡು ಮೂರು ಜಾಸ್ತಿ ಬೇಕಾಗುತ್ತದೆ.

ಮನೆಗೆ ತಂದ ಮೇಲೆ ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ. ಒಂದೇ ಅಳತೆಯವನ್ನು ಬೇರೆ ಮಾಡಿ. ದಪ್ಪನೆಯವು ಮೇಲಿನ ಅಗಲದ ಭಾಗಕ್ಕೆ, ಚಿಕ್ಕವು ತುದಿಗೆ. ಹಿಂಡಿದ ಒದ್ದೆ ಬಟ್ಟೆಯನ್ನು ತಟ್ಟೆಯ ಮೇಲೆ ಮುಚ್ಚಿ. ಮೊಗ್ಗಿನ ಮೇಲೆ ನೀರು ಬೀಳಬಾರದು. ಫ್ರಿಜ್ಜಲ್ಲಿ ಇಡುವುದಾದರೆ ತರಕಾರಿ ಇಡುವ ಕೆಳಗಿನ ಭಾಗ. ಫ್ರೀಜರ್ ಹತ್ತಿರ ಇಟ್ಟರೆ ಮೊಗ್ಗು ಗಾಜಿನ ಹಾಗೆ ಆಗಿ, ಹೊರಗೆ ತೆಗೆದ ಮೇಲೆ ಕಂದುತ್ತದೆ. ಅಲ್ಲಿ ಬಾಳೆಹಣ್ಣು, ಸೇಬು, ಮಾವು ಇದ್ದರೆ ಹೊರಗೆ ತೆಗೆಯಿರಿ. ಮಾಗಿದ ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಹೂವನ್ನು ಬೇಗ ಬಾಡಿಸುತ್ತದೆ.

ಹಂತ 6: ಪೋಣಿಸಿ ಹೊಲಿಯುವುದು

ಎಲ್ಲಿಂದ ಶುರು ಮಾಡಬೇಕು? ಕೆಳಗಿನ ತುದಿಯಿಂದ. ಹತ್ತರಲ್ಲಿ ಎಂಟು ಜನ ಮೇಲಿನಿಂದ ಶುರು ಮಾಡಿ ಕೆಡಿಸುತ್ತಾರೆ.

ಮನೆಗೆ ಹೆಂಚು ಹೊದಿಸುವುದನ್ನು ನೋಡಿದ್ದೀರಲ್ಲ? ಸೂರಿನ ಅಂಚಿನಿಂದ ಶುರು ಮಾಡಿ ಮೇಲೆ ಹೋಗುತ್ತಾರೆ. ಮೇಲಿನ ಹೆಂಚು ಕೆಳಗಿನದರ ತಲೆಯನ್ನು ಮುಚ್ಚುತ್ತದೆ. ಇಲ್ಲೂ ಹಾಗೇ. ಮೊಗ್ಗಿನ ತುದಿ ಕೆಳಗೆ, ತೊಟ್ಟು ಮೇಲೆ. ಮೊದಲ ಸಾಲಿನ ತೊಟ್ಟನ್ನು ಎರಡನೇ ಸಾಲಿನ ಮೊಗ್ಗು ಮುಚ್ಚುತ್ತದೆ. ಮೇಲಿನಿಂದ ಶುರು ಮಾಡಿದರೆ ಪ್ರತಿ ಸಾಲಿಗೂ ಮೇಲಿನ ಮೊಗ್ಗನ್ನು ಎತ್ತಿ ಹಿಡಿದು ಅದರ ಕೆಳಗೆ ಸೂಜಿ ಹಾಕಬೇಕು. ಮೊಗ್ಗು ಮುರಿಯುವುದು ಆಗಲೇ.

ಒಂದು ಸಾಲು ಹೀಗೆ:

1. ತೆಳು ಸೂಜಿಗೆ ಎರಡೆಳೆ ದಾರ ಹಾಕಿ ಕೊನೆಗೆ ಗಂಟು ಹಾಕಿ.

2. ಮೊಗ್ಗಿನ ಬಿಳಿ ತಲೆ ಮುಗಿದು ಕೊಳವೆ ಶುರುವಾಗುವ ಜಾಗದಿಂದ ಸ್ವಲ್ಪ ಕೆಳಗೆ, ತೊಟ್ಟಿಗೆ ಅಡ್ಡಲಾಗಿ ಸೂಜಿ ಚುಚ್ಚಿ. ಬಿಳಿ ತಲೆಗೆ ಚುಚ್ಚಬಾರದು, ಅಲ್ಲಿ ಒಂದು ಗಂಟೆಯಲ್ಲಿ ಕಂದು ಚುಕ್ಕೆ ಬೀಳುತ್ತದೆ. ತೀರಾ ತುದಿಗೂ ಚುಚ್ಚಬಾರದು, ಮೊಗ್ಗು ಗಿರಕಿ ಹೊಡೆಯುತ್ತದೆ.

3. ಸಾಲಿಗೆ ಬೇಕಾದಷ್ಟು ಪೋಣಿಸಿ. ಎಲ್ಲ ತಲೆಯೂ ಒಂದೇ ಕಡೆ.

4. ಪಟ್ಟಿಯ ಮೇಲೆ ಅಡ್ಡಲಾಗಿ ಇಟ್ಟು, ಎರಡೂ ತುದಿಯನ್ನು ಬಿಳಿ ಬಟ್ಟೆಗೆ ಹೊಲಿದು ನಿಲ್ಲಿಸಿ. ಅಂಚಿನ ಮೊಗ್ಗು ಪಟ್ಟಿಯಿಂದ ಒಂದು ಕೂದಲೆಳೆ ಹೊರಗೆ ಬಂದಿರಬೇಕು. ಇಲ್ಲದಿದ್ದರೆ ಪಕ್ಕದಿಂದ ಬಟ್ಟೆ ಕಾಣುತ್ತದೆ.

5. ಮಾಮೂಲಿ ಸೂಜಿ ತೆಗೆದುಕೊಂಡು, ಪ್ರತಿ ಎರಡು ಮೊಗ್ಗಿನ ನಡುವೆ ಪೋಣಿಸಿದ ದಾರದ ಮೇಲಿಂದ ಒಂದು ಹೊಲಿಗೆ ಹಾಕಿ ಬಟ್ಟೆಗೆ ಹಿಡಿಸಿ. ಈ ಹೊಲಿಗೆ ಬಿಟ್ಟರೆ ಸಾಲು ಮಧ್ಯದಲ್ಲಿ ಜೋತುಬೀಳುತ್ತದೆ.

6. ಪ್ರತಿ ಎರಡು ಸಾಲಿಗೆ ಒಂದು ಗಂಟು ಹಾಕಿ ದಾರ ಕತ್ತರಿಸಿ. ಇಡೀ ಜಡೆಯನ್ನು ಒಂದೇ ದಾರದಲ್ಲಿ ಹೊಲಿದರೆ ಒಂದು ಕಡೆ ಕಿತ್ತರೂ ಹತ್ತು ಸಾಲು ಸಡಿಲವಾಗುತ್ತದೆ.

ಎರಡನೇ ಸಾಲನ್ನು ಅರ್ಧ ಮೊಗ್ಗಿನಷ್ಟು ಪಕ್ಕಕ್ಕೆ ಸರಿಸಿ ಇಡಿ. ಕೆಳಗಿನ ಎರಡು ಮೊಗ್ಗಿನ ನಡುವಿನ ಸಂದಿಗೆ ಮೇಲಿನ ಮೊಗ್ಗಿನ ತಲೆ ಬರಬೇಕು. ಗೋಡೆ ಕಟ್ಟುವವರು ಇಟ್ಟಿಗೆ ಜೋಡಿಸುವುದೂ ಹೀಗೇ ಅಲ್ವಾ?

ರಟ್ಟಿನ ಸಂದು ಬಂದ ಕಡೆ ಎಚ್ಚರ. ಅಲ್ಲಿ ಪಟ್ಟಿಯನ್ನು ಸ್ವಲ್ಪ ಬಾಗಿಸಿ ಹಿಡಿದು ಹೊಲಿಯಿರಿ. ನೇರ ಇಟ್ಟು ಬಿಗಿಯಾಗಿ ಹೊಲಿದರೆ, ಆಮೇಲೆ ಬಾಗಿದಾಗ ಆ ಎರಡು ಸಾಲಿನ ನಡುವೆ ಬಾಯಿ ತೆರೆದುಕೊಳ್ಳುತ್ತದೆ. ಹೆಕ್ಕತ್ತಿನ ಸಂದಿನಲ್ಲಿ ಒಂದು ಸಾಲು ಜಾಸ್ತಿಯೇ ಹಾಕಿ.

ಬಿಲ್ಲೆ ಬಂದಾಗ ಸಾಲನ್ನು ಎರಡು ಭಾಗ ಮಾಡಿ, ಎಡಕ್ಕೊಂದು ಬಲಕ್ಕೊಂದು. ಒಳಗಿನ ಮೊಗ್ಗಿನ ತೊಟ್ಟನ್ನು ಬಿಲ್ಲೆಯ ಅಂಚಿನ ಕೆಳಗೆ ತೂರಿಸಿ. ಕನಕಾಂಬರ, ಮರುಗ, ಜರಿ ಇವೆಲ್ಲ ಮೊಗ್ಗಿನ ಕೆಲಸ ಪೂರ್ತಿ ಮುಗಿದ ಮೇಲೆ. ಕನಕಾಂಬರದ ದಳ ತೆಳು, ಕೈ ತಾಗಿ ತಾಗಿ ಮುದುಡುತ್ತದೆ. ಗುಲಾಬಿ ದಳ ನಾನು ಬಳಸುವುದಿಲ್ಲ. ಸೂಜಿ ತಾಗಿದ ಕಡೆ ಬೇಗ ಕಪ್ಪಾಗುತ್ತದೆ.

ಕೈ ಬೆವರಿದರೆ ಆಗಾಗ ಒರೆಸಿಕೊಳ್ಳಿ. ಫ್ಯಾನಿನ ನೇರಕ್ಕೆ ಕೂರಬೇಡಿ, ಗಾಳಿಗೆ ಮೊಗ್ಗು ಒಣಗುತ್ತದೆ. ಹೊಲಿದ ಭಾಗದ ಮೇಲೆ ಹಿಂಡಿದ ಒದ್ದೆ ಬಟ್ಟೆ ಹಗುರವಾಗಿ ಹೊದಿಸಿಕೊಂಡು ಮೇಲಕ್ಕೆ ಹೋಗಿ.

ಹೊಲಿಯುವಾಗ ಗಮನಿಸಬೇಕಾದ ಗುರುತುಗಳು ಇವು. ಪಟ್ಟಿ ಬಾಳೆಕಾಯಿಯ ಹಾಗೆ ಒಂದು ಪಕ್ಕಕ್ಕೆ ಬಾಗುತ್ತಿದ್ದರೆ ಆ ಪಕ್ಕದಲ್ಲಿ ದಾರ ಬಿಗಿಯಾಗಿದೆ. ಮೊಗ್ಗುಗಳು ಮೇಲಕ್ಕೆ ಎದ್ದು ನಿಂತರೆ ಸಾಲಿಗೆ ಒಂದೆರಡು ಜಾಸ್ತಿ ತುರುಕಿದ್ದೀರಿ. ಎತ್ತಿ ಹಿಡಿದಾಗ ಮೊಗ್ಗು ಕೆಳಗೆ ತೂಗಾಡಿದರೆ ನಡುವಿನ ಹೊಲಿಗೆ ಸಾಲದು. ಮೂರರಲ್ಲಿ ಯಾವುದೇ ಕಂಡರೂ ಅಲ್ಲೇ ನಿಲ್ಲಿಸಿ, ಕೊನೆಯ ಎರಡು ಸಾಲು ಬಿಚ್ಚಿ ಸರಿ ಮಾಡಿ. ಮುಂದೆ ಹೋದರೆ ಹೆಚ್ಚುತ್ತದೆಯೇ ಹೊರತು ಸರಿಯಾಗುವುದಿಲ್ಲ.

ಹಂತ 7: ತಲೆಗೆ ಕಟ್ಟುವುದು

ತಲೆಸ್ನಾನ ಹಿಂದಿನ ದಿನ ಆಗಿರಬೇಕು. ಅವತ್ತೇ ಶಾಂಪೂ ಹಾಕಿ ತೊಳೆದ ಕೂದಲು ನುಣುಪಾಗಿ ಜಾರುತ್ತದೆ. ಎಣ್ಣೆ ಹಚ್ಚಿದರೂ ಹಾಗೇ.

ಬೇರೆ ಊರಿಗೋ ಸ್ಟುಡಿಯೋಗೋ ಹೋಗುವುದಾದರೆ ಮನೆಯಲ್ಲಿ ಕಟ್ಟಿಕೊಂಡು ಹೋಗಬೇಡಿ. ಒಂದು ಸ್ಟುಡಿಯೋದಲ್ಲಿ ನಮ್ಮನ್ನು ಎರಡು ಗಂಟೆ ಕಾಯಿಸಿದರು. ಕನ್ನಡಿಯ ಮುಂದೆ ಮಗುವನ್ನು ನಿಲ್ಲಿಸುವಷ್ಟರಲ್ಲಿ ಮೇಲಿನ ಸಾಲುಗಳು ಬಿರಿಯಲು ಶುರುವಾಗಿದ್ದವು. ಈಗ ನಾನು ಉದ್ದನೆಯ ರಟ್ಟಿನ ಪೆಟ್ಟಿಗೆಗೆ ಬಾಳೆ ಎಲೆ ಹಾಸಿ, ಜಡೆಯನ್ನು ಮೊಗ್ಗು ಮೇಲೆ ಬರುವ ಹಾಗೆ ಮಲಗಿಸಿ ತೆಗೆದುಕೊಂಡು ಹೋಗುತ್ತೇನೆ. ಅವರು "ಬನ್ನಿ" ಅಂದ ಮೇಲೆ ಕಟ್ಟುತ್ತೇನೆ. ಕಟ್ಟಲು ಇಪ್ಪತ್ತು ನಿಮಿಷ ಸಾಕು.

ಕೂದಲನ್ನು ಹಿಂದೆ ಒಟ್ಟು ಸೇರಿಸಿ ಗಟ್ಟಿ ರಬ್ಬರ್ ಬ್ಯಾಂಡ್ ಹಾಕಿ. ಅಲ್ಲಿಂದ ಚೌರಿ ಸೇರಿಸಿ ಬಿಗಿಯಾಗಿ ಹೆಣೆಯಿರಿ. ಭಾರ ನಿಲ್ಲುವುದು ಈ ರಬ್ಬರ್ ಬ್ಯಾಂಡಿನ ಮೇಲೆ, ಹೆಣೆದ ಜಡೆಯ ಮೇಲಲ್ಲ. ಬ್ಯಾಂಡ್ ಇಲ್ಲದೆ ಬರೀ ಹೆಣಿಗೆಗೆ ಕಟ್ಟಿದ್ದರಿಂದಲೇ ಎಷ್ಟೋ ಜಡೆಗಳು ಜಾರುತ್ತವೆ.

ಜಡೆಯ ತುದಿಗೆ ಕುಚ್ಚು ಕಟ್ಟಿ. ಈಗ ಒಬ್ಬರು ಪಟ್ಟಿಯನ್ನು ಕೆಳಗಿನಿಂದ ಅಂಗೈಯಲ್ಲಿ ಆನಿಸಿ ಹಿಡಿಯಲಿ. ಇನ್ನೊಬ್ಬರು ಮೇಲಿನ ಎರಡು ಕುಣಿಕೆಯ ಒಳಗೆ ಒಂದು ಲಾಡಿ ಹಾಯಿಸಿ, ರಬ್ಬರ್ ಬ್ಯಾಂಡಿನ ಮೇಲ್ಭಾಗಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಲಿ. ಪ್ರತಿ ಕುಣಿಕೆಗೂ ಎರಡು ಯು ಪಿನ್ನು, ಒಂದಕ್ಕೊಂದು ಅಡ್ಡವಾಗಿ ಕತ್ತರಿ ಹಾಕಿದ ಹಾಗೆ. ನೇರವಾಗಿ ಚುಚ್ಚಿದ ಪಿನ್ನು ನಡೆಯುತ್ತಾ ನಡೆಯುತ್ತಾ ಹೊರಗೆ ಬರುತ್ತದೆ. ಎಷ್ಟು ಪಿನ್ನು ಹಾಕಿದಿರಿ ಅಂತ ಎಣಿಸಿಕೊಳ್ಳಿ.

ಆಮೇಲೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಜೊತೆ ಲಾಡಿಯನ್ನು ಜಡೆಯ ಹಿಂಭಾಗದಲ್ಲಿ, ಬೆನ್ನಿನ ಕಡೆ, ಕಟ್ಟುತ್ತಾ ಬನ್ನಿ. ಒಂದು ಬೆರಳು ತೂರುವಷ್ಟು ಸಡಿಲ ಇರಲಿ. ಪೂರ್ತಿ ಬಿಗಿದರೆ ಜಡೆ ಕೋಲಿನ ಹಾಗೆ ನಿಲ್ಲುತ್ತದೆ, ತಲೆ ತಿರುಗಿಸಲು ಆಗುವುದಿಲ್ಲ. ಮೇಲಿನ ಗಂಟು, ಪಿನ್ನು ಕಾಣದ ಹಾಗೆ ಮಲ್ಲಿಗೆ ದಿಂಡು ಸುತ್ತಿ. ರಾಗಟೆ (ಹಿಂದಲೆಗೆ ಹಾಕುವ ದುಂಡನೆಯ ಒಡವೆ) ಇದ್ದರೆ ಅದರ ಮೇಲೆ.

ಈಗ ಖಾಲಿ ಪಟ್ಟಿಗೆ ಮಾಡಿದ ಪರೀಕ್ಷೆಯನ್ನೇ ಇನ್ನೊಂದು ಸಲ ಮಾಡಿ. ಎಡ, ಬಲ, ಕೆಳಗೆ. ಕೂರುವುದು, ಏಳುವುದು. ಒರಗುವ ಕುರ್ಚಿಯಲ್ಲಿ ಕೂರಿಸುವುದಾದರೆ ಮುಂದೆ ಸರಿದು ಕೂರಲು ಹೇಳಿ. ಗರ್ಭಿಣಿಗೆ ಹಾಗೆ ಬಹಳ ಹೊತ್ತು ಕೂರುವುದು ಕಷ್ಟ. ಸೊಂಟದ ಹತ್ತಿರ ದಿಂಬು ಕೊಡಿ, ಅದಕ್ಕೆ ತಕ್ಕ ಹಾಗೆ ಅಳತೆ ತೆಗೆಯುವಾಗಲೇ ಜಡೆಯನ್ನು ಗಿಡ್ಡ ಮಾಡಿಕೊಂಡಿರಿ.

ಇದು ಮಾತ್ರ ದಯವಿಟ್ಟು ಗಮನಿಸಿ. ಹಣೆಯ ಹತ್ತಿರ ಕೂದಲು ಎಳೆದು ಚರ್ಮ ಬಿಗಿದುಕೊಂಡಿದ್ದರೆ, ಹುಬ್ಬು ಮೇಲೆ ಹೋದ ಹಾಗೆ ಕಂಡರೆ, ಮಗು ಪದೇ ಪದೇ ಹಿಂದಲೆಗೆ ಕೈ ಹಾಕುತ್ತಿದ್ದರೆ ಬಿಚ್ಚಿ ಇನ್ನೊಮ್ಮೆ ಕಟ್ಟಿ. "ಸ್ವಲ್ಪ ಹೊತ್ತು ತಡ್ಕೋ ಪುಟ್ಟಿ" ಅಂತ ಸಮಾಧಾನ ಮಾಡಿ ಬಿಡಬೇಡಿ. ತಲ್ಲಣಿಸುತ್ತಿರುವ ಮಗುವಿನ ಮುಖ ಯಾವ ಫೋಟೋದಲ್ಲೂ ಚೆನ್ನಾಗಿ ಬರುವುದಿಲ್ಲ, ಕೂದಲ ಬುಡಕ್ಕೂ ಒಳ್ಳೆಯದಲ್ಲ. ಮಕ್ಕಳಿಗೆ ಎಲ್ಲ ಸೇರಿ ಕಾಲು ಕೆ.ಜಿ. ದಾಟಬಾರದು, ಎರಡು ಗಂಟೆಗಿಂತ ಜಾಸ್ತಿ ಇರಬಾರದು ಅನ್ನುವುದು ನಾನು ಇಟ್ಟುಕೊಂಡಿರುವ ಮಿತಿ. ಕಟ್ಟುವ ಮೊದಲು ಜಡೆಯನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ.

ಮೊಗ್ಗು ಸಿಗದ ಊರಿನಲ್ಲಿ ಇದ್ದರೆ

ಹೊರದೇಶದಲ್ಲಿರುವವರು ಸುಮಾರು ಜನ ಕೇಳುತ್ತಾರೆ. ಬಟ್ಟೆ ಅಥವಾ ಫೋಮ್ ಮೊಗ್ಗಿನಲ್ಲಿ ಇದೇ ಕ್ರಮದಲ್ಲಿ ಮಾಡಬಹುದು. ಒಂದು ವಾರ ನಿಧಾನವಾಗಿ ಹೊಲಿಯಬಹುದು ಅನ್ನುವುದು ಅನುಕೂಲ. ಅಚ್ಚ ಬಿಳಿ ಪ್ಲಾಸ್ಟಿಕ್ ಮೊಗ್ಗು ಬೇಡ, ಫ್ಲ್ಯಾಶ್ ಬೆಳಕಿಗೆ ಹೊಳೆಯುತ್ತದೆ. ತುಸು ಕೆನೆ ಬಣ್ಣದ್ದು, ಹೊಳಪಿಲ್ಲದ್ದು ತೆಗೆದುಕೊಳ್ಳಿ. ಮೇಲಿನ ಗಂಟಿಗೆ ಸುತ್ತುವ ದಿಂಡು ಒಂದನ್ನಾದರೂ ನಿಜವಾದ ಹೂವಿನದ್ದು ಹಾಕಲು ಪ್ರಯತ್ನಿಸಿ. ಪರಿಮಳ ಅಲ್ಲಿಂದಲೇ ಬರುತ್ತದೆ.

ಬಿಚ್ಚುವುದು, ಎತ್ತಿಡುವುದು

ಕಟ್ಟಿದ್ದಕ್ಕೆ ಉಲ್ಟಾ ಕ್ರಮ. ಮೊದಲು ದಿಂಡು, ಆಮೇಲೆ ಕೆಳಗಿನ ಲಾಡಿಯಿಂದ ಮೇಲಕ್ಕೆ. ಒಬ್ಬರು ಪಟ್ಟಿಯನ್ನು ಅಂಗೈಯಲ್ಲಿ ಹಿಡಿದಿರಲಿ. ಕೊನೆಗೆ ಪಿನ್ನು, ಕುಣಿಕೆ. ತೆಗೆದ ಪಿನ್ನು ಎಣಿಸಿ, ಹಾಕಿದ ಲೆಕ್ಕಕ್ಕೆ ಸರಿ ಬರಬೇಕು. ಒಂದು ಕಡಿಮೆ ಇದ್ದರೂ ಮಗುವನ್ನು ಮಲಗಿಸುವ ಮೊದಲು ಹುಡುಕಿ ತೆಗೆಯಿರಿ.

ಮೊಗ್ಗನ್ನು ಎಳೆದು ಕೀಳಬೇಡಿ. ಪ್ರತಿ ಸಾಲಿನ ತುದಿಯ ದಾರ ಕತ್ತರಿಸಿದರೆ ತಾನಾಗಿ ಬರುತ್ತದೆ. ಬಿಲ್ಲೆಗಳನ್ನು ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿ. ಖಾಲಿ ಪಟ್ಟಿಯನ್ನು ಎರಡು ದಿನ ನೆರಳಲ್ಲಿ ಒಣಗಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಆಮೇಲೆ ಅದರ ಕಪ್ಪು ಬದಿಗೆ ಒಂದು ಚೀಟಿ ಹೊಲಿಯಿರಿ. ಯಾರ ಅಳತೆ, ಎಷ್ಟು ಉದ್ದ, ಎಷ್ಟು ಸಾಲು, ಎಷ್ಟು ಗ್ರಾಂ ಮೊಗ್ಗು ಹಿಡಿಯಿತು, ಹೊಲಿಯಲು ಎಷ್ಟು ಗಂಟೆ ಆಯಿತು. ನನ್ನ ಬೀರುವಿನಲ್ಲಿ ಇಂಥ ನಾಲ್ಕು ಪಟ್ಟಿಗಳಿವೆ. ಮುಂದಿನ ಬೇಸಿಗೆಗೆ ಯಾರಾದರೂ ಕೇಳಿದಾಗ ಚೀಟಿ ನೋಡಿ ಮೊಗ್ಗಿಗೆ ಹೇಳಿದರೆ ಸಾಕು.